ನರದಂತೆ

ನರವಲ್ಲ ಇವು. ನರದಂತೆ ಇರುವವು.
ಎಂದೋ ಸತ್ತ ಇಲಿಯೊಂದರ ಗಂಟಿನ ಕೋಶಗಳು.
ಇಲಿ ಹೋಯಿತು, ಗಂಟು ಹೋಗಲಿಲ್ಲ;
ಗಾಜಿನ ತಟ್ಟೆಯಿಂದ ತಟ್ಟೆಗೆ ಬಿಡಾರ ಬದಲಿಸುತ್ತ
ತಾಷ್ಕೆಂಟಿನ ಈ ಮೂರನೆಯ ಮಹಡಿಗೆ ಬಂದಿದೆ.

ಬಿಬಿನಾಜ್ ಎರಡು ದಿನಕ್ಕೊಮ್ಮೆ ಉಣಿಸುತ್ತಾಳೆ.
ನರ ಬೆಳೆಸುವ ರಸ ಒಂದು ಹನಿ ಬಿದ್ದರೆ
ಒಡೆದು ಒಡೆದು ಇಮ್ಮಡಿಯಾಗುವ ಹುಚ್ಚು ಬಿಟ್ಟು
ಕೈ ಚಾಚಲು ಕಲಿಯುತ್ತವೆ.
ಏಳನೆಯ ದಿನ ಒಂದರ ಬೆರಳು ಇನ್ನೊಂದರ ಹೆಗಲ ಮೇಲೆ.
ಒಡಲೊಳಗೆ ಪುಟ್ಟ ಪುಟ್ಟ ಚೀಲ,
ಚೀಲದ ತುಂಬ ಹೇಳಬೇಕಾದದ್ದು.
ಹೊತ್ತು ಬಂದಾಗ ಒಂದು, ಮತ್ತೆ ಯಾವಾಗಲೋ ಇನ್ನೊಂದು,
ಜಿಪುಣ ಅತ್ತೆ ಸಕ್ಕರೆ ಅಳೆದುಕೊಟ್ಟ ಹಾಗೆ.

ಫ್ರಿಜ್ಜಿನ ಕೆಳಗಿನ ಅರೆಯಲ್ಲಿ ಕಿರುಬೆರಳಿನಷ್ಟು ಕೊಳವೆ.
ಮೇಲೆ ಅವಳದೇ ಕೈಬರಹ:
ಕರಾಕುರ್ತ್. ಹೆಣ್ಣು. ಜುಲೈ.
ಕಪ್ಪು ಹುಳ ಎಂದಷ್ಟೇ ಅರ್ಥ ಅವಳ ಊರ ಮಾತಿನಲ್ಲಿ.
ಜೇಡ ಎನ್ನುವ ಮರ್ಯಾದೆಯನ್ನೂ ಕೊಡಲಿಲ್ಲ ಅವರು.

ಚಿಂಬಾಯಿಯ ಆಚೆ, ಕೆಂಪು ಮರಳು ಶುರುವಾಗುವಲ್ಲಿ,
ಗುಡಾರ ಹೂಡುವ ಮುನ್ನ ಅಪ್ಪ ಒರಿನ್‌ಬಾಯ್
ನೆಲದ ಮೇಲೆ ಕುರಿ ಹಾಯಿಸುತ್ತಿದ್ದ.
ಕುರಿ ತುಳಿಯುತ್ತದೆ, ಹುಲ್ಲಿನ ಜೊತೆ ಮೇಯ್ದೂಬಿಡುತ್ತದೆ, ಏನೂ ಆಗದು.
ಒಂಟೆಗೆ ಒಂದು ಕಚ್ಚು ಸಾಕು.
ಮನುಷ್ಯರು ಇವೆರಡರ ನಡುವೆ ಎಲ್ಲೋ.

ಆ ಬೇಸಿಗೆ ಅಮ್ಮನ ಹಿಮ್ಮಡಿ.
ಅಪ್ಪ ಬೆಂಕಿಕಡ್ಡಿಯ ತಲೆ ಒತ್ತಿಟ್ಟು ಗೀರಿದ,
ಸುಟ್ಟ ಚರ್ಮದ ವಾಸನೆ ಬಂತು,
ವಿಷ ಆಗಲೇ ಮೊಣಕಾಲು ದಾಟಿತ್ತು.
ಹೊಟ್ಟೆ ಹಲಗೆಯಾಯಿತು. ಕಣ್ಣು, ಬಾಯಿ, ಅಂಗೈ ಎಲ್ಲ ಸೋರಿತು.
ವರ್ಷಕ್ಕೆ ನಾಲ್ಕು ಮಾತಾಡುವ ಹೆಂಗಸು
ಬೆಳಗಿನ ತನಕ ಮಾತಾಡಿದಳು:
ಕೊಟ್ಟ ಸಾಲ, ತಿಂದ ಪೆಟ್ಟು,
ಬತ್ತಿದ ಕಡಲ ದಂಡೆಯಲ್ಲಿ ಬಿಟ್ಟುಬಂದ ಮನೆಯ ಬೀಗದಕೈ
ಯಾವ ಕಲ್ಲಿನ ಕೆಳಗೆ ಎಂಬುದು,
ಆಮೇಲೆ ಒಂದು ಹೆಸರು.
ಸಗಿಂದಿಕ್.
ನಮ್ಮ ಮನೆಯಲ್ಲಿ ಯಾರದೂ ಅಲ್ಲ.
ಗಂಡಸರಿಗೆ ಇಡುತ್ತಾರೆ ಆ ಹೆಸರನ್ನು.
ಬರೀ ಮಾತಾಗಿಯೂ ಆಡುತ್ತಾರೆ, ‘ಹಂಬಲಿಸಿದೆವು’ ಎಂದು.
ಹೆಸರೋ, ಕ್ರಿಯಾಪದವೋ,
ಹತ್ತು ವರ್ಷದ ಹುಡುಗಿಗೆ ಯಾರು ಬಿಡಿಸಿ ಹೇಳಬೇಕು?
ಅಪ್ಪ ಎದ್ದು ಒಂಟೆ ನೋಡಿಬರುತ್ತೇನೆ ಎಂದು ಹೋದ.

ನಾಲ್ಕನೆಯ ದಿನ ಕುದುರೆ ರಕ್ತದ ಮದ್ದು ಬಂದಾಗ
ಅಮ್ಮ ಎದ್ದು ಹಾಲು ಕರೆಯುತ್ತಿದ್ದಳು.
ಏನೂ ನೆನಪಿಲ್ಲವಂತೆ.
ನರದಂತೆ ಎನ್ನುವಾಗಿನ ಅಂತೆಯೋ,
ಊರವರು ಹೇಳುವ ಅಂತೆಯೋ,
ಇವತ್ತಿಗೂ ತಿಳಿದಿಲ್ಲ.

ವಿಷ ತೂತು ಕೊರೆಯುತ್ತದೆ, ಅಷ್ಟೇ ಅದರ ಕಸುಬು.
ನಾಲ್ಕು ತುಣುಕು ಕೂಡಿ ಕೋಶದ ಗೋಡೆಯಲ್ಲೊಂದು ಬಾಗಿಲು,
ಚಿಲಕವಿಲ್ಲದ್ದು.
ಹೊರಗಿನ ಕ್ಯಾಲ್ಸಿಯಂ ಜಾತ್ರೆಯ ಜನದಂತೆ ನುಗ್ಗಿ
ಪರದೆಯ ಮೇಲೆ ಎಲ್ಲ ಹಸಿರಾಗಿ ಹೊತ್ತಿಕೊಳ್ಳುತ್ತದೆ.
ಆಮೇಲೆ ಚೀಲಗಳೆಲ್ಲ ಒಮ್ಮೆಗೇ.

‘ಎಷ್ಟು ಸೆಕೆಂಡು?’ ಹಿಂದಿನಿಂದ ನೋದಿರಾ ಒಪಾ.
‘ಹನ್ನೊಂದು.’
ಎಷ್ಟು ಹೇಳಿತು ಎಂಬುದಕ್ಕೆ ಗೆರೆಯಿದೆ ಗ್ರಾಫಿನಲ್ಲಿ,
ಏನು ಹೇಳಿತು ಎಂಬುದಕ್ಕೆ ಕಾಲಮ್ಮಿಲ್ಲ.
ಕೈಗಳು ಮಣಿ ಮಣಿಯಾಗಿ ಊದಿ, ಮುದುರಿ,
ಬೆರಳು ಹೆಗಲಿನಿಂದ ಜಾರುತ್ತದೆ.

ಪಕ್ಕದ ತಟ್ಟೆಗೆ ವಿಷವಿಲ್ಲ, ಬರೀ ಉಪ್ಪುನೀರು,
ಹೋಲಿಸಿ ನೋಡಲಿಕ್ಕೆ.
ತುಂಬಿದ ಚೀಲ ಕಟ್ಟಿಕೊಂಡು ಸುಮ್ಮನೆ ಕೂತಿದೆ.
ಅಪ್ಪನ ಹಾಗೆ.

ಸಂಜೆ ಎರಡು ತಟ್ಟೆಗೂ ಒಂದೇ ಬ್ಲೀಚು.

ಭಾನುವಾರ ಫೋನು. ಗೋಧಿಹಿಟ್ಟಿನ ಬೆಲೆ,
ತಂಗಿಯ ಮಗುವಿನ ಹಲ್ಲು, ನಲ್ಲಿಯಲ್ಲಿ ಉಪ್ಪುಪ್ಪು ನೀರು.
ಇಡುವ ಮುನ್ನ ಬಿಬಿನಾಜ್ ಎನ್ನುತ್ತಾಳೆ:
ಸಗಿಂದಿಕ್, ಅಮ್ಮಾ.
ಕ್ರಿಯಾಪದವಾಗಿಯೇ.
ಆ ಕಡೆ ಸದ್ದಿಲ್ಲ.
ಎಣಿಸುತ್ತಾಳೆ, ಅಭ್ಯಾಸಬಲ.

ಆಮೇಲೆ ಅಮ್ಮ:
ಹಿಟ್ಟು ಉಬ್ಬಿ ಪಾತ್ರೆ ಮೀರಿದೆ, ಇಡಲಾ?